ಕಾಯಿಲೆಗಳ ಎಪಿಜೆನೆಟಿಕ್ಸ್: ಬೆಂಗಳೂರಿನಲ್ಲಿ ಸಂಶೋಧಕರಾಗಿ, ಮೇಷ್ಟ್ರಾಗಿ ನೆಲೆಯೂರುವ ದಾರಿ

ಎಂಎಸ್ಸಿ ಕೊನೆಯ ವರ್ಷಕ್ಕೆ ಬಂದವರಲ್ಲಿ ಒಬ್ಬರಾದರೂ ಪ್ರತಿ ಸಲ ಬಂದು ಕೇಳುತ್ತಾರೆ: “ಸರ್, ಎಪಿಜೆನೆಟಿಕ್ಸ್‌ನಲ್ಲಿ ಪಿಎಚ್‌ಡಿ ಮಾಡ್ಬೇಕು ಅಂತಿದೀನಿ. ಬೆಂಗಳೂರಲ್ಲಿ ಯಾವ ಲ್ಯಾಬ್ ಒಳ್ಳೇದು?” ಇದು ಮೂರನೆಯದಾಗಿ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು ಯಾವ ಕಾಯಿಲೆ ಅಂತ. ಎರಡನೆಯದು, ಆ ಕಾಯಿಲೆ ದೇಹದ ಯಾವ ಜೀವಕೋಶದಲ್ಲಿ ನಡೆಯುತ್ತಿದೆ, ಆ ಜೀವಕೋಶ ನಿಮ್ಮ ಕೈಗೆ ಸಿಗುತ್ತದೆಯೇ ಅಂತ. ಈ ಎರಡಕ್ಕೂ ಉತ್ತರವಿದ್ದರೆ ಲ್ಯಾಬ್ ಯಾವುದೆಂದು ತಾನಾಗಿ ಗೊತ್ತಾಗುತ್ತದೆ. ಇಲ್ಲದಿದ್ದರೆ ಎಷ್ಟು ದೊಡ್ಡ ಹೆಸರಿನ ಸಂಸ್ಥೆಗೆ ಸೇರಿದರೂ ಐದಾರು ವರ್ಷ ಯಾರದೋ ಪ್ರಾಜೆಕ್ಟಿಗೆ ದುಡಿದು ಹೊರಬರುತ್ತೀರಿ.

ಡಿಗ್ರಿಯಿಂದ ಸ್ವಂತ ಲ್ಯಾಬಿನವರೆಗೆ ಏನೇನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಮುಂದೆ ಹೇಳಿದ್ದೇನೆ. ಪರೀಕ್ಷೆಗಳ ಬಗ್ಗೆ ಕಡಿಮೆ, ಆಸ್ಪತ್ರೆಯ ಬಗ್ಗೆ ಹೆಚ್ಚು ಇದೆ. ಅದು ಬೇಕೆಂದೇ ಮಾಡಿದ್ದು.

ಹೆಜ್ಜೆ 1: ಕಾಯಿಲೆ ಆರಿಸಿಕೊಳ್ಳಿ

ಮೆದುಳಿನ ಜೀವಕೋಶಕ್ಕೂ ಲಿವರಿನ ಜೀವಕೋಶಕ್ಕೂ ಡಿಎನ್‌ಎ ಒಂದೇ. ಎಲ್ಲಿ ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದರಲ್ಲಿ ಡಿಎನ್‌ಎ ಮೇಲೆ ಕೂರುವ ಮೀಥೈಲ್ ಗುಂಪುಗಳ ಪಾತ್ರ ದೊಡ್ಡದು. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳಲ್ಲಾಗುವ ರಾಸಾಯನಿಕ ಬದಲಾವಣೆಗಳದ್ದೂ ಅಷ್ಟೇ. ಡಿಎನ್‌ಎ ಅಕ್ಷರಗಳು ಬದಲಾಗದೆ ಜೀನುಗಳ ಕೆಲಸ ಹೀಗೆ ಬದಲಾಗುವುದನ್ನು ಅಭ್ಯಸಿಸುವುದೇ ಎಪಿಜೆನೆಟಿಕ್ಸ್. 1942ರಲ್ಲಿ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ ಈ ಶಾಸ್ತ್ರಕ್ಕೆ ಹೆಸರಿಟ್ಟಾಗ ಡಿಎನ್‌ಎ ರಚನೆಯೇ ಗೊತ್ತಿರಲಿಲ್ಲ. ಇವತ್ತು ಮನುಷ್ಯನ ಜೀನೋಮಿನಲ್ಲಿ ಮೀಥೈಲ್ ಕೂರಬಹುದಾದ ಸುಮಾರು 2.8 ಕೋಟಿ ಸಿಪಿಜಿ ತಾಣಗಳಿವೆ (ಡಿಎನ್‌ಎಯಲ್ಲಿ ಸಿ ಅಕ್ಷರದ ಬೆನ್ನಿಗೇ ಜಿ ಬರುವ ಜಾಗಗಳು) ಎಂದು ಗೊತ್ತಿದೆ. ಅವುಗಳಲ್ಲಿ ಯಾವುದು ಕಾಯಿಲೆ ತರುತ್ತದೆ, ಯಾವುದು ಕಾಯಿಲೆ ಬಂದ ಮೇಲೆ ಬದಲಾಗುತ್ತದೆ ಎಂಬಲ್ಲಿಗೆ ಬಂದು ಗಾಡಿ ನಿಂತಿದೆ.

ಕಾಯಿಲೆಗಳನ್ನು ಮೂರು ಗುಂಪು ಮಾಡಿ ನೋಡುವುದು ನನ್ನ ಅಭ್ಯಾಸ. ಒಂದರಲ್ಲಿ ಎಪಿಜೆನೆಟಿಕ್ ವ್ಯವಸ್ಥೆ ಕೆಟ್ಟದ್ದೇ ಕಾಯಿಲೆ. 15ನೇ ಕ್ರೋಮೋಸೋಮಿನ ಒಂದೇ ಭಾಗದಲ್ಲಿ ತಂದೆಯಿಂದ ಬಂದ ಜೀನುಗಳ ನಕಲು ಕೆಲಸ ಮಾಡದಿದ್ದರೆ ಪ್ರೇಡರ್-ವಿಲ್ಲಿ, ತಾಯಿಯಿಂದ ಬಂದದ್ದು ಕೆಲಸ ಮಾಡದಿದ್ದರೆ ಏಂಜಲ್‌ಮನ್ ಸಿಂಡ್ರೋಮ್. ಮೀಥೈಲ್ ಗುರುತನ್ನು ಓದುವ ಎಂಇಸಿಪಿ2 ಪ್ರೋಟೀನಿನ ಜೀನ್ ಕೆಟ್ಟರೆ ಹೆಣ್ಣುಮಕ್ಕಳಲ್ಲಿ ರೆಟ್ ಸಿಂಡ್ರೋಮ್ ಬರುತ್ತದೆ. ಆ ನಂಟು ತಿಳಿದದ್ದು 1999ರಲ್ಲಿ.

ಎರಡನೇ ಗುಂಪು ಕ್ಯಾನ್ಸರ್. ಇಲ್ಲಿ ವಿಷಯ ಆಗಲೇ ವಾರ್ಡಿಗೆ ಬಂದಿದೆ. ಗ್ಲಿಯೋಬ್ಲಾಸ್ಟೋಮ ಎಂಬ ಮೆದುಳಿನ ಗಡ್ಡೆಯಲ್ಲಿ ಎಂಜಿಎಂಟಿ ಜೀನನ್ನು ಚಾಲೂ ಮಾಡುವ ಪ್ರೊಮೋಟರ್ ಭಾಗದ ಮೇಲೆ ಮೀಥೈಲ್ ಕೂತಿದ್ದರೆ (ಇದನ್ನೇ ಮೀಥೈಲೇಷನ್ ಎನ್ನುತ್ತಾರೆ) ಟೆಮೊಜೊಲೊಮೈಡ್ ಔಷಧಿಯಿಂದ ಹೆಚ್ಚು ಪ್ರಯೋಜನವೆಂದು 2005ರಲ್ಲೇ ತೋರಿಸಲಾಯಿತು. ಮೀಥೈಲ್ ಗುರುತು ಕಡಿಮೆ ಮಾಡುವ ಔಷಧಿ ಅಜಾಸಿಟಿಡಿನ್‌ಗೆ ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮೆದುಳು ಗಡ್ಡೆಗಳ ವರ್ಗೀಕರಣದಲ್ಲಿ ಮೀಥೈಲೇಷನ್ ಪರೀಕ್ಷೆಗೂ ಜಾಗ ಸಿಕ್ಕಿದೆ.

ಮೂರನೆಯದು ಸಕ್ಕರೆ ಕಾಯಿಲೆ, ಬೊಜ್ಜು, ಖಿನ್ನತೆ, ಮರೆವಿನ ಕಾಯಿಲೆಗಳ ಗುಂಪು. ಪತ್ರಿಕೆಗಳಲ್ಲಿ ಸುದ್ದಿಯಾಗುವುದೂ, ಹೊಸಬರು ಮುಗಿಬೀಳುವುದೂ ಇದರ ಮೇಲೆಯೇ. ಇಲ್ಲಿ ನೆಲ ಜಾರುತ್ತದೆ. ದೇಹತೂಕಕ್ಕೂ ಮೀಥೈಲೇಷನ್‌ಗೂ ಇರುವ ನಂಟಿನ ಬಗ್ಗೆ 2017ರಲ್ಲಿ ‘ನೇಚರ್’ನಲ್ಲಿ ಬಂದ ದೊಡ್ಡ ಅಧ್ಯಯನ, ಕಂಡ ಬದಲಾವಣೆಗಳಲ್ಲಿ ಬಹುಪಾಲು ತೂಕ ಹೆಚ್ಚಾದ್ದರ ಪರಿಣಾಮ ಎಂದಿತು. ತೂಕ ಹೆಚ್ಚಾಗಲು ಕಾರಣ ಅವಲ್ಲ. ಮೂರನೇ ಗುಂಪಿಗೆ ಹೋಗಬೇಡಿ ಎನ್ನುತ್ತಿಲ್ಲ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಬೇರ್ಪಡಿಸುವ ಉಪಾಯ ಕೈಯಲ್ಲಿಟ್ಟುಕೊಂಡು ಹೋಗಿ. ಅಂದರೆ ಕಾಯಿಲೆ ಬರುವ ಮೊದಲೇ ರಕ್ತ ತೆಗೆದಿಟ್ಟು, ವರ್ಷಗಟ್ಟಲೆ ಜನರನ್ನು ಹಿಂಬಾಲಿಸುವ ಕೋಹಾರ್ಟ್ ಬೇಕು.

ಈ ವಿಷಯದಲ್ಲಿ ಕನ್ನಡನಾಡು ಬಡವಾಗಿಲ್ಲ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ 1934ರಿಂದ ಬರೆದಿಟ್ಟ ದಾಖಲೆಗಳಿದ್ದವು. ದಶಕಗಳ ನಂತರ ಅದೇ ಕೂಸುಗಳನ್ನು ನಡುವಯಸ್ಸಿನಲ್ಲಿ ಹುಡುಕಿ, ಸಕ್ಕರೆ ಕಾಯಿಲೆ ಮತ್ತು ಹೃದ್ರೋಗದ ಅಧ್ಯಯನ ಮಾಡಿದರು. ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾದವರ ಮೆದುಳಿನ ಆರೋಗ್ಯವನ್ನು ವರ್ಷ ವರ್ಷ ಗಮನಿಸುತ್ತಿದೆ. ಮಾವಿನ ಹಣ್ಣಿಗೆ ಹೆಸರಾದ ಊರು ಮುಂದೆ ಮರೆವಿನ ಕಾಯಿಲೆಯ ಸಂಶೋಧನೆಗೂ ಹೆಸರಾದೀತು.

ಹೆಜ್ಜೆ 2: ಡಿಗ್ರಿಯ ಲೆಕ್ಕಾಚಾರ

ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಇದ್ದವರು ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಆದರೆ ಕರ್ನಾಟಕ ಸರ್ಕಾರ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಓದುವ ಹೆಚ್ಚಿನವರಿಗೆ ಎಂಎಸ್ಸಿ ದಾರಿಯೇ ದಾರಿ. ಇನ್ನೊಂದು ಬಾಗಿಲು ಇಂಟಿಗ್ರೇಟೆಡ್ ಪಿಎಚ್‌ಡಿ: ಬಿಎಸ್ಸಿ ಮುಗಿಸಿ ಜ್ಯಾಮ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಐಐಎಸ್‌ಸಿಗೋ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಕ್ಕೋ ಸೇರುವುದು.

ಎಂಎಸ್ಸಿ ಯಾವುದರಲ್ಲಿ ಎಂಬುದಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಬಯೋಟೆಕ್ನಾಲಜಿ, ಜೂವಾಲಜಿ, ಎಲ್ಲ ನಡೆಯುತ್ತದೆ. ಎಂಬಿಬಿಎಸ್ ಮಾಡಿ ಬಂದವರಿಗಂತೂ ಈ ಕ್ಷೇತ್ರದಲ್ಲಿ ಕೆಂಪು ಹಾಸು. ನೋಡಬೇಕಾದ್ದು ಆ ವಿಭಾಗದಲ್ಲಿ ಕೊನೆಯ ಸೆಮಿಸ್ಟರಿನ ಡಿಸರ್ಟೇಷನ್‌ಗೆ ಹೊರಗಿನ ಲ್ಯಾಬಿಗೆ ಕಳಿಸುತ್ತಾರೋ ಇಲ್ಲವೋ ಎಂಬುದು.

ಬೇಸಿಗೆ ರಜೆ ಹಾಳು ಮಾಡಬೇಡಿ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ಫೆಲೋಶಿಪ್‌ಗೆ ಡಿಗ್ರಿ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಜವಾಹರಲಾಲ್ ನೆಹರೂ ಕೇಂದ್ರಕ್ಕೆ ಅದರದೇ ಬೇಸಿಗೆ ಫೆಲೋಶಿಪ್ ಇದೆ.

ಹೆಜ್ಜೆ 3: ದುಡ್ಡಿಲ್ಲದೆ ರುಚಿ ನೋಡಿ

ಪಿಪೆಟ್ ಹಿಡಿಯುವ ಮೊದಲೇ ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಒಂದು ಲ್ಯಾಪ್‌ಟಾಪ್ ಸಾಕು. ಜಗತ್ತಿನ ಲ್ಯಾಬುಗಳು ತಮ್ಮ ಮೀಥೈಲೇಷನ್ ದತ್ತಾಂಶವನ್ನು ಅಮೆರಿಕದ ‘ಜಿಯೋ’ (GEO) ಭಂಡಾರದಲ್ಲಿ ಎಲ್ಲರಿಗೂ ಬಿಟ್ಟಿರುತ್ತವೆ. ಕ್ಯಾನ್ಸರ್ ಜೀನೋಮ್ ಅಟ್ಲಾಸ್‌ನಲ್ಲಿ ಗಡ್ಡೆಗಳ ಮಾಹಿತಿ ರಾಶಿ ಬಿದ್ದಿದೆ. ‘ಆರ್’ ಪ್ರೋಗ್ರಾಮಿಂಗ್ ಭಾಷೆಯೂ, ಮೀಥೈಲೇಷನ್ ಲೆಕ್ಕಕ್ಕಿರುವ ಅದರ ‘ಮಿನ್ಫಿ’ ಪ್ಯಾಕೇಜೂ ಪುಕ್ಕಟೆ.

ಒಂದು ಸಣ್ಣ ಸೆಟ್ ಇಳಿಸಿಕೊಳ್ಳಿ, ಇಪ್ಪತ್ತು ಮೂವತ್ತು ಸ್ಯಾಂಪಲ್‌ಗಳದ್ದು. ಮೊಟ್ಟಮೊದಲು ಮಾಡಬೇಕಾದ್ದು ಲಿಂಗ ತಾಳೆ. ಎಕ್ಸ್ ಮತ್ತು ವೈ ಕ್ರೋಮೋಸೋಮಿನ ಸಿಗ್ನಲ್‌ನಿಂದ ಸ್ಯಾಂಪಲ್ ಹೆಣ್ಣೋ ಗಂಡೋ ಗೊತ್ತಾಗುತ್ತದೆ. ಅದನ್ನು ಕಾಗದದಲ್ಲಿ ಬರೆದದ್ದಕ್ಕೆ ಹೋಲಿಸಿ. ಎಲ್ಲೋ ಒಂದು ತಾಳೆಯಾಗದಿದ್ದರೆ ಯಾರೋ ಟ್ಯೂಬ್ ಅದಲುಬದಲು ಮಾಡಿದ್ದಾರೆ ಎಂದೇ ಲೆಕ್ಕ. ದೊಡ್ಡ ದೊಡ್ಡ ಲ್ಯಾಬುಗಳ ದತ್ತಾಂಶದಲ್ಲೂ ಇದು ಸಿಗುತ್ತದೆ, ಹುಡುಕುವುದರಲ್ಲಿ ಒಂಥರಾ ಮಜಾ ಇದೆ. ಆಮೇಲೆ ಅದೇ ಸೆಟ್ ಮೇಲೆ ಬಂದ ಪ್ರಬಂಧದ ಒಂದೇ ಒಂದು ಚಿತ್ರವನ್ನು ನೀವೇ ಮತ್ತೆ ತೆಗೆಯಲು ನೋಡಿ. ಎರಡು ತಿಂಗಳು ಹಿಡಿದರೂ ಬೇಸರವಾಗದಿದ್ದರೆ ಮುಂದುವರಿಯಿರಿ. ಪಿಎಚ್‌ಡಿ ಸಂದರ್ಶನದಲ್ಲಿ ಆ ಚಿತ್ರವನ್ನು ತೋರಿಸಿ ಮಾತಾಡಿದರೆ ಎದುರು ಕೂತವರ ಧಾಟಿಯೇ ಬದಲಾಗುತ್ತದೆ.

ಹೆಜ್ಜೆ 4: ಗೈಡ್ ಹುಡುಕುವುದು

ಬೆಂಗಳೂರಿನ ಅನುಕೂಲ ಏನೆಂದರೆ ಕ್ರೊಮ್ಯಾಟಿನ್ (ಹಿಸ್ಟೋನ್‌ಗಳ ಮೇಲೆ ಸುತ್ತಿಕೊಂಡ ಡಿಎನ್‌ಎ) ಸಂಶೋಧನೆ ಇಲ್ಲಿಗೆ ಹೊಸದಲ್ಲ. ಮೈಸೂರಿನಲ್ಲಿ ಹುಟ್ಟಿದ ಎಂ.ಆರ್.ಎಸ್. ರಾವ್ ಮೊದಲು ಐಐಎಸ್‌ಸಿಯಲ್ಲಿ, ನಂತರ ಜಕ್ಕೂರಿನಲ್ಲಿ, ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನ್‌ಗಳು ಹೇಗೆ ಬೇರೆ ಪ್ರೋಟೀನುಗಳಿಗೆ ಜಾಗ ಬಿಟ್ಟುಕೊಡುತ್ತವೆ ಎಂಬುದನ್ನು ದಶಕಗಳ ಕಾಲ ಅಭ್ಯಸಿಸಿದರು. ಜಕ್ಕೂರಿನಲ್ಲೇ ತಪಸ್ ಕುಂಡು ಅವರ ತಂಡ 2003ರಲ್ಲಿ ಗೋಡಂಬಿ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲವೂ, 2004ರಲ್ಲಿ ನಮ್ಮ ಪುನರ್ಪುಳಿ ಸಿಪ್ಪೆಯ ಗಾರ್ಸಿನಾಲ್ ಎಂಬ ವಸ್ತುವೂ ಹಿಸ್ಟೋನ್‌ಗಳಿಗೆ ಅಸಿಟೈಲ್ ಸೇರಿಸುವ ಕಿಣ್ವಗಳನ್ನು ತಡೆಯುತ್ತವೆಂದು ತೋರಿಸಿತು. (ಪುನರ್ಪುಳಿ ಶರಬತ್ತು ಕುಡಿದರೆ ಕ್ಯಾನ್ಸರ್ ವಾಸಿ ಎಂದು ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ. ಲ್ಯಾಬಿನ ತಟ್ಟೆಯಲ್ಲಿ ಕಂಡದ್ದು ಲೋಟದಲ್ಲಿ ಸಿಗುವುದಿಲ್ಲ.)

ಈಗ ಜಾಗಗಳು. ಮೂಲ ಕಾರ್ಯವಿಧಾನ ಬೇಕೆಂದರೆ ಐಐಎಸ್‌ಸಿ, ಜಕ್ಕೂರು, ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಮತ್ತು ಇನ್‌ಸ್ಟೆಮ್ (ಕಾಂಡಕೋಶ ಸಂಶೋಧನಾ ಸಂಸ್ಥೆ). ಮೆದುಳು, ಮನಸ್ಸಿನ ಕಾಯಿಲೆಗಳಿಗೆ ನಿಮ್ಹಾನ್ಸ್. ಅಲ್ಲಿ ರೋಗಿಗಳಿದ್ದಾರೆ, ಮಾನವ ಜೆನೆಟಿಕ್ಸ್ ವಿಭಾಗವಿದೆ, ತೀರಿಕೊಂಡವರ ಮೆದುಳಿನ ಅಂಗಾಂಶ ಕಾಪಿಡುವ ಬ್ರೈನ್ ಬ್ಯಾಂಕ್ ಇದೆ. ಕ್ಯಾನ್ಸರ್‌ಗೆ ಕಿದ್ವಾಯಿ. ತಾಯಿ-ಮಗುವಿನ ಪೋಷಣೆಗೆ ಸೇಂಟ್ ಜಾನ್ಸ್. ಕಂಪ್ಯೂಟರ್ ಕಡೆ ಒಲವಿದ್ದರೆ ಎಲೆಕ್ಟ್ರಾನಿಕ್ ಸಿಟಿಯ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆ ಐಬಿಎಬಿ.

ಈ ಪಟ್ಟಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಒಳ್ಳೆಯ ಯಂತ್ರಗಳಿರುವ ಕಡೆ ರೋಗಿಗಳಿಲ್ಲ, ರೋಗಿಗಳಿರುವ ಕಡೆ ಸಂಶೋಧನೆಗೆ ಬಿಡುವಿಲ್ಲ. ನಿಮ್ಮ ವೃತ್ತಿ ನಿಲ್ಲಬೇಕಾದ್ದು ಈ ಎರಡರ ನಡುವೆ. ಆದ್ದರಿಂದ ಒಬ್ಬ ಗೈಡ್ ಸಾಲದು, ಒಬ್ಬ ಡಾಕ್ಟರರೂ ಬೇಕು. ಅರ್ಜಿ ಹಾಕುವ ಮೊದಲೇ ಗೈಡ್‌ರನ್ನು ಕೇಳಿ: ಈ ಕಾಯಿಲೆಯ ಸ್ಯಾಂಪಲ್ ಯಾವ ಆಸ್ಪತ್ರೆಯಿಂದ ಬರುತ್ತದೆ? ಆ ಡಾಕ್ಟರರ ಜೊತೆ ಒಟ್ಟಿಗೆ ಪ್ರಬಂಧ ಬರೆದಿದ್ದೀರಾ? “ನೋಡೋಣ, ಮಾತಾಡ್ತಾ ಇದ್ದೀವಿ” ಎಂಬ ಉತ್ತರ ಬಂದರೆ ನಿಮ್ಮ ಮೊದಲ ಎರಡು ವರ್ಷ ಆ ಮಾತುಕತೆಯಲ್ಲೇ ಕಳೆಯುತ್ತದೆ. ಇಬ್ಬರೂ ಇದ್ದು ಅವರಿಗೇ ಪರಸ್ಪರ ಆಗದಿದ್ದರೆ ಇನ್ನೂ ಕಷ್ಟ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ, ನಡುವೆ ನೇಗಿಲು ನಿಮ್ಮದು.

ಲ್ಯಾಬಿನ ಹಳೆಯ ವಿದ್ಯಾರ್ಥಿಗಳಿಗೆ ಇಮೇಲ್ ಮಾಡಿ. ಎಷ್ಟು ವರ್ಷ ಹಿಡಿಯಿತು, ಮೊದಲ ಹೆಸರಿನ ಪ್ರಬಂಧ ಸಿಕ್ಕಿತೇ, ಈಗ ಎಲ್ಲಿದ್ದಾರೆ, ಇಷ್ಟು ಕೇಳಿದರೆ ಸಾಕು. ಹೆಚ್ಚಿನವರು ಉತ್ತರ ಕೊಡುತ್ತಾರೆ. ಇಮೇಲಿನಲ್ಲಿ ಬರೆಯಲಾರೆ, ಫೋನ್ ಮಾಡಿ ಎಂದವರು ಏನು ಹೇಳಹೊರಟಿದ್ದಾರೆಂದು ನಿಮಗೇ ಅರ್ಥವಾಗುತ್ತದೆ.

ಹೆಜ್ಜೆ 5: ಪರೀಕ್ಷೆ, ಫೆಲೋಶಿಪ್

ಸಿಎಸ್‌ಐಆರ್-ಯುಜಿಸಿ ನೆಟ್‌ನ ಜೀವವಿಜ್ಞಾನ ಪತ್ರಿಕೆಯೇ ಮುಖ್ಯ ಪರೀಕ್ಷೆ. ಜೊತೆಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಬೆಟ್, ಗೇಟ್, ಎನ್‌ಸಿಬಿಎಸ್ ಕಡೆಯ ಸಂಸ್ಥೆಗಳಿಗೆ ಜೆಜೀಬಿಲ್ಸ್. ನಿಮ್ಹಾನ್ಸ್‌ಗೆ ಅದರದೇ ಪ್ರವೇಶ ಪರೀಕ್ಷೆ. ಒಂದಕ್ಕೆ ಮಾಡಿದ ತಯಾರಿ ಹೆಚ್ಚುಕಡಿಮೆ ಎಲ್ಲಕ್ಕೂ ಆಗುತ್ತದೆ. ಜೆಜೀಬಿಲ್ಸ್ ಮಾತ್ರ ಬಾಯಿಪಾಠ ಮಾಡಿದವರನ್ನು ಬೀಳಿಸುತ್ತದೆ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿಯೇ ಹೋಗಿ.

ಜೂನಿಯರ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದು ಸೀನಿಯರ್ ಆದ ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಹಾಸ್ಟೆಲ್ ಸಿಕ್ಕರೆ ಬೆಂಗಳೂರಿನಲ್ಲಿ ಬದುಕಬಹುದು, ಸ್ವಲ್ಪ ಊರಿಗೂ ಕಳಿಸಬಹುದು. ಹಾಸ್ಟೆಲ್ ಇಲ್ಲದೆ ಅಡ್ವಾನ್ಸ್ ಕೊಟ್ಟು ಮನೆ ಹಿಡಿಯಬೇಕಾದರೆ ಕೈ ಕಚ್ಚುತ್ತದೆ. ಫೆಲೋಶಿಪ್ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಡಿ. ರಾಜ್ಯದ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವವರು ರಾಜ್ಯ ಸರ್ಕಾರದ ವಿಜ್ಞಾನ-ತಂತ್ರಜ್ಞಾನ ಸಂಸ್ಥೆ ಕೆಸ್ಟೆಪ್ಸ್ ಕೊಡುವ ಫೆಲೋಶಿಪ್ ಪ್ರಕಟಣೆಯ ಮೇಲೂ ಕಣ್ಣಿಡಿ.

ಹೆಜ್ಜೆ 6: ಆಸ್ಪತ್ರೆಯ ಬಾಗಿಲಲ್ಲಿ

ಪುಸ್ತಕಗಳಲ್ಲಿ ಸಿಗದ ಭಾಗ ಇದು. ಐದು ವರ್ಷದ ಪಿಎಚ್‌ಡಿ ಗಟ್ಟಿಯಾಗುವುದೂ ಜೊಳ್ಳಾಗುವುದೂ ಇಲ್ಲೇ.

ಸೇರಿದ ತಿಂಗಳೇ ನೈತಿಕ ಸಮಿತಿಯ ಅರ್ಜಿ ಶುರು ಮಾಡಿ. ಐಸಿಎಂಆರ್‌ನ 2017ರ ಮಾರ್ಗಸೂಚಿ ಓದಿಕೊಳ್ಳಿ. ನಿಮ್ಮ ಸಂಸ್ಥೆಯ ಸಮಿತಿ, ಆಸ್ಪತ್ರೆಯ ಸಮಿತಿ, ಎರಡೂ ಒಪ್ಪಬೇಕು. ಒಂದು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಸೇರುತ್ತದೆ, ಒಂದು ಪ್ರಶ್ನೆ ಕೇಳಿ ವಾಪಸ್ ಕಳಿಸಿದರೆ ಇನ್ನೊಂದು ಸರದಿ ಕಾಯಬೇಕು. ವಿದೇಶಿ ಲ್ಯಾಬ್ ಜೊತೆಗಿದ್ದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೆಯೂ ಹೋಗಬೇಕಾಗುತ್ತದೆ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ನೀವೇ ಬರೆಯಿರಿ, ಏಜೆನ್ಸಿಗೆ ಕೊಡಬೇಡಿ. ಬರೆದದ್ದನ್ನು ವಾರ್ಡಿನ ಆಯಾ ಒಬ್ಬರಿಗೆ ಓದಿ ಹೇಳಿ, ಅವರಿಗೆ ತಿಳಿಯದಿದ್ದರೆ ರೋಗಿಗೂ ತಿಳಿಯುವುದಿಲ್ಲ. ಓಪಿಡಿಯಲ್ಲಿ ಬೆಳಗ್ಗೆ ಟೋಕನ್ ಹಿಡಿದು ಕೂತ ತಾಯಿಗೆ ಹೇಳಬೇಕಾದ್ದು ಇಷ್ಟು: “ಅಮ್ಮಾ, ಎರಡು ಟೀ ಚಮಚದಷ್ಟು ರಕ್ತ ತಗೊಳ್ತೀವಿ. ಇದು ಸಂಶೋಧನೆಗೆ. ಇದ್ರಿಂದ ನಿಮ್ಮ ಔಷಧಿ ಏನೂ ಬದಲಾಗಲ್ಲ. ಬೇಡ ಅಂದ್ರೆ ಡಾಕ್ಟ್ರು ಬೇಜಾರು ಮಾಡ್ಕೊಳ್ಳಲ್ಲ, ಟ್ರೀಟ್‌ಮೆಂಟ್ ಹಾಗೇ ನಡೆಯುತ್ತೆ.” ಎಲ್ಲ ಕೇಳಿಸಿಕೊಂಡು, ಹೆಬ್ಬೆಟ್ಟು ಒತ್ತಿ, ಎದ್ದು ಹೋಗುವಾಗ ಅವರು ಕೇಳುತ್ತಾರೆ: “ರಿಪೋರ್ಟ್ ಯಾವಾಗ ಬರ್ತದೆ ಸಾಮಿ?” ಅಲ್ಲಿಗೆ ನೀವು ಹೇಳಿದ್ದು ತಲುಪಿಲ್ಲ ಎಂದಾಯಿತು. ಮತ್ತೆ ಕೂರಿಸಿ ಹೇಳಬೇಕು, ಹಿಂದೆ ಇಪ್ಪತ್ತು ಜನ ಕಾಯುತ್ತಿದ್ದರೂ.

ಇನ್ನೊಂದು ಪ್ರಶ್ನೆ ಮಗುವಿನ ಕಾಯಿಲೆ ಇದ್ದಾಗ ಬರುತ್ತದೆ. ಬಸುರಿಯಾಗಿದ್ದಾಗ ನಾನು ತಿಂದದ್ದರಿಂದ ಹೀಗಾಯಿತಾ ಎಂದು ತಾಯಿ ಕೇಳುತ್ತಾಳೆ, ಪಕ್ಕದಲ್ಲಿ ಅತ್ತೆ ಕಿವಿ ನಿಮಿರಿಸಿ ಕೂತಿರುತ್ತಾಳೆ. ನೆದರ್ಲೆಂಡ್ಸ್‌ನಲ್ಲಿ 1944–45ರ ಚಳಿಗಾಲದ ಬರಗಾಲದಲ್ಲಿ ಗರ್ಭಕಟ್ಟಿದವರ ಐಜಿಎಫ್2 ಜೀನಿನ ಮೀಥೈಲೇಷನ್ ಆರು ದಶಕಗಳ ನಂತರವೂ ತುಸು ಕಡಿಮೆ ಇತ್ತೆಂಬ ಅಧ್ಯಯನ ನಿಮಗೆ ನೆನಪಾಗಬಹುದು. ಅದನ್ನು ಅಲ್ಲಿ ಹೇಳಹೋಗಬೇಡಿ. ಒಂದು ಸಮುದಾಯದ ಸರಾಸರಿಯಿಂದ ಒಬ್ಬ ತಾಯಿಯ ತಪ್ಪನ್ನು ತೀರ್ಮಾನಿಸಲು ಬರುವುದಿಲ್ಲ. ಉತ್ತರ ಕೊಡಬೇಕಾದವರು ಡಾಕ್ಟರರು ಮತ್ತು ಜೆನೆಟಿಕ್ ಕೌನ್ಸೆಲರ್; ಅವರ ಕೊಠಡಿ ತೋರಿಸಿ.

ಪ್ರಶ್ನಾವಳಿಯನ್ನು ವಿದೇಶದಿಂದ ಎತ್ತಿ ತಂದು ಹಾಗೇ ಬಳಸುವುದು ಇಲ್ಲಿನ ಮಾಮೂಲಿ ರೋಗ. ಸಿಗರೇಟು ಸೇದುವುದು ರಕ್ತದ ಮೀಥೈಲೇಷನ್ ಮೇಲೆ ಬೀಳುವ ಅತಿ ಸ್ಪಷ್ಟ ಗುರುತುಗಳಲ್ಲಿ ಒಂದು, ಎಎಚ್‌ಆರ್‌ಆರ್ ಎಂಬ ಜೀನಿನಲ್ಲಿ ಎದ್ದು ಕಾಣುತ್ತದೆ. “ಸಿಗರೇಟ್ ಸೇದ್ತೀರಾ?” ಎಂದರೆ ಇಲ್ಲ ಎನ್ನುತ್ತಾರೆ, ನಿಜ, ಬೀಡಿ ಸೇದುತ್ತಾರೆ. ಹೆಂಗಸರು ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ, ಕಡ್ಡಿಪುಡಿ ತಿಕ್ಕುತ್ತಾರೆ. ಒಲೆಯ ಹೊಗೆ ಬೇರೆ. ಒಂದೊಂದನ್ನೂ ಬಿಡಿಯಾಗಿ ಕೇಳಿ, ಬಿಡಿಯಾಗಿ ಬರೆಯಿರಿ.

ಇನ್ನು ಟ್ಯೂಬ್. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬಳಸಿ. ಹಸಿರು ಮುಚ್ಚಳದ ಹೆಪಾರಿನ್ ಮುಂದೆ ಡಿಎನ್‌ಎ ನಕಲು ತೆಗೆಯುವ ಪಿಸಿಆರ್‌ಗೆ ಅಡ್ಡಬರುತ್ತದೆ. ಡಿಎನ್‌ಎ ಗಟ್ಟಿ ಪಿಂಡ, ತಣ್ಣಗಿಟ್ಟರೆ ಒಂದು ದಿನ ತಡೆದುಕೊಳ್ಳುತ್ತದೆ. ಆದರೆ ಜೀವಂತ ಬಿಳಿ ರಕ್ತಕಣ ಬೇಕೆಂದರೆ ಅದೇ ದಿನ, ಕೆಲವೇ ಗಂಟೆಗಳಲ್ಲಿ ಬೇರ್ಪಡಿಸಬೇಕು. ಹೊಸೂರು ರಸ್ತೆಯಿಂದ ಐಸ್ ಡಬ್ಬ ಹಿಡಿದು ಆಟೋ ಹತ್ತಿ ಹೆಬ್ಬಾಳದ ಫ್ಲೈಓವರ್ ದಾಟಿ ಜಿಕೆವಿಕೆ ಸೇರುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಆಸ್ಪತ್ರೆಯಲ್ಲೇ ಒಂದು ಸೆಂಟ್ರಿಫ್ಯೂಜ್, ಒಂದು ಮೂಲೆ ಕೇಳಿ ಗಿಟ್ಟಿಸಿಕೊಳ್ಳಿ. ನಿಮ್ಮ ಪಿಎಚ್‌ಡಿಯ ಅತಿ ಮುಖ್ಯ ಒಪ್ಪಂದ ಅದೇ ಆಗಬಹುದು.

ರಕ್ತವೆಂದರೆ ಒಂದೇ ಬಗೆಯ ಕೋಶವಲ್ಲ ಎಂಬುದನ್ನೂ ನೆನಪಿಡಿ. ಸೋಂಕಿದ್ದರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಏರುತ್ತದೆ, ಲಿಂಫೋಸೈಟ್ ಎಂಬ ಇನ್ನೊಂದರ ಪಾಲು ಇಳಿಯುತ್ತದೆ, ಪ್ರತಿಯೊಂದರ ಮೀಥೈಲೇಷನ್ ಬೇರೆ ಬೇರೆ. ಅನುಪಾತ ಲೆಕ್ಕಕ್ಕೆ ತೆಗೆದುಕೊಳ್ಳದೆ ‘ಕಾಯಿಲೆಯವರಲ್ಲಿ ಮೀಥೈಲೇಷನ್ ಬದಲಾಗಿದೆ’ ಎನ್ನುವುದು, ಖಾರ ಮಿಕ್ಸ್ಚರ್ ಪೊಟ್ಟಣದಲ್ಲಿ ಕಡಲೆಬೀಜ ಜಾಸ್ತಿ ಬಿದ್ದದ್ದನ್ನು ನೋಡಿ ಭಟ್ಟರು ಮಸಾಲೆ ಬದಲಿಸಿದರು ಎಂದ ಹಾಗೆ. ಕೋಶಗಳ ಪಾಲನ್ನು ಮೀಥೈಲೇಷನ್ ದತ್ತಾಂಶದಿಂದಲೇ ಅಂದಾಜಿಸುವ ವಿಧಾನ 2012ರಿಂದ ಇದೆ. ಬಳಸದಿದ್ದರೆ ವಿಮರ್ಶಕರು ಮೊದಲ ಸಾಲಿನಲ್ಲೇ ಹಿಡಿಯುತ್ತಾರೆ.

ಕೊನೆಗೆ ಚಿಪ್. ಮೀಥೈಲೇಷನ್ ಅಳೆಯಲು ಬಳಸುವ, ಇಲ್ಯುಮಿನಾ ಕಂಪನಿಯ ಎಪಿಕ್ ಚಿಪ್ ಒಂದರಲ್ಲಿ ಎಂಟು ಸ್ಯಾಂಪಲ್ ಹಿಡಿಯುತ್ತವೆ, ಒಂದೊಂದರಲ್ಲೂ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ತಾಣಗಳ ಅಳತೆ. ಮೊದಲು ಬಂದ ಎಂಟು ರೋಗಿಗಳನ್ನು ಒಂದು ಚಿಪ್‌ಗೆ, ಆಮೇಲೆ ಸಿಕ್ಕ ಎಂಟು ಆರೋಗ್ಯವಂತರನ್ನು ಇನ್ನೊಂದಕ್ಕೆ ಹಾಕಿದರೆ, ಕಂಡ ವ್ಯತ್ಯಾಸ ಕಾಯಿಲೆಯದೋ ಚಿಪ್‌ನದೋ ಬ್ರಹ್ಮನಿಗೂ ಹೇಳಲಾಗದು. ಆಮೇಲೆ ಯಾವ ಗಣಿತವೂ ಅದನ್ನು ಸರಿಮಾಡುವುದಿಲ್ಲ. ಪ್ರತಿ ಚಿಪ್‌ನಲ್ಲೂ ರೋಗಿ, ಆರೋಗ್ಯವಂತ, ಗಂಡು, ಹೆಣ್ಣು ಬೆರೆಯುವಂತೆ ಚೀಟಿ ಎತ್ತಿದ ಹಾಗೆ ಹಂಚಿ. ಮೀಥೈಲ್ ಇರುವ, ಇಲ್ಲದ ಸಿ ಬೇರೆಯಾಗಿ ಕಾಣುವಂತೆ ಡಿಎನ್‌ಎಗೆ ಮಾಡುವ ಬೈಸಲ್ಫೈಟ್ ಉಪಚಾರದ ದಿನಾಂಕವನ್ನೂ ಬರೆದಿಡಿ.

ಹೆಜ್ಜೆ 7: ಪಾಠ ಮಾಡಲು ಕಲಿಯಿರಿ

ಸಂಶೋಧನೆ ಮಾತ್ರ ಸಾಕು ಎನ್ನುವವರು ಇದನ್ನು ದಾಟಿಸಿಬಿಡುತ್ತಾರೆ. ಪಿಎಚ್‌ಡಿಯಲ್ಲೇ ಟೀಚಿಂಗ್ ಅಸಿಸ್ಟೆಂಟ್ ಆಗಿ. ಹತ್ತಿರದ ಪದವಿ ಕಾಲೇಜಿನವರನ್ನು ಕೇಳಿದರೆ ಒಂದು ಅತಿಥಿ ಉಪನ್ಯಾಸಕ್ಕೆ ಸಂತೋಷದಿಂದ ಕರೆಯುತ್ತಾರೆ.

ಮೂರು ಬಣ್ಣದ ಬೀದಿಬೆಕ್ಕಿನಿಂದ ಶುರು ಮಾಡಿ. ಕಪ್ಪು, ಕಿತ್ತಳೆ, ಬಿಳಿ ಮಚ್ಚೆಯ ಬೆಕ್ಕು ಬಹುತೇಕ ಯಾವಾಗಲೂ ಹೆಣ್ಣೇ ಏಕೆ? ಕಪ್ಪೋ ಕಿತ್ತಳೆಯೋ ಎಂದು ನಿರ್ಧರಿಸುವ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ; ಹೆಣ್ಣಿನ ಎರಡು ಎಕ್ಸ್‌ಗಳಲ್ಲಿ ಒಂದು, ಕೋಶಕೋಶಕ್ಕೂ ಬೇರೆ ಬೇರೆಯಾಗಿ ಮುಚ್ಚಿಕೊಳ್ಳುತ್ತದೆ ಎಂದು ತಳಿವಿಜ್ಞಾನಿ ಮೇರಿ ಲಿಯಾನ್ 1961ರಲ್ಲಿ ಹೇಳಿದ್ದನ್ನು ಅಲ್ಲಿಂದ ಎತ್ತಬಹುದು. ಮೊಬೈಲಿನಲ್ಲಿ ತಮ್ಮ ಬೀದಿಯ ಬೆಕ್ಕಿನ ಫೋಟೋ ಹುಡುಕಿ ತೋರಿಸುವವರು ಪ್ರತಿ ಬೆಂಚಿನಲ್ಲೂ ಇರುತ್ತಾರೆ.

ಕಾಲೇಜು ಲ್ಯಾಬಿಗೆ ಬೈಸಲ್ಫೈಟ್ ಸೀಕ್ವೆನ್ಸಿಂಗ್ ಎಟುಕುವುದಿಲ್ಲ. ಅದರ ಬದಲು ಡಿಎನ್‌ಎ ಕತ್ತರಿಸುವ ಎರಡು ರೆಸ್ಟ್ರಿಕ್ಷನ್ ಕಿಣ್ವ ತರಿಸಿ, ಎಚ್‌ಪಿಎ-2 ಮತ್ತು ಎಂಎಸ್‌ಪಿ-1. ಎರಡೂ ಸಿಸಿಜಿಜಿ ಎಂಬ ಒಂದೇ ಜಾಗವನ್ನು ಕತ್ತರಿಸುತ್ತವೆ. ಒಳಗಿನ ಸಿ ಮೇಲೆ ಮೀಥೈಲ್ ಇದ್ದರೆ ಮೊದಲನೆಯದು ಕತ್ತರಿಸದು, ಎರಡನೆಯದಕ್ಕೆ ಲೆಕ್ಕವಿಲ್ಲ. ಮಾಂಸದಂಗಡಿಯಿಂದ ಕುರಿ ಲಿವರ್ ತಂದು ಡಿಎನ್‌ಎ ತೆಗೆದು ಎರಡರಲ್ಲೂ ಕತ್ತರಿಸಿ ಜೆಲ್ ಓಡಿಸಿದರೆ, ಒಂದು ಸಾಲಿನಲ್ಲಿ ಡಿಎನ್‌ಎ ಹೆಚ್ಚಾಗಿ ಮೇಲೆಯೇ ನಿಂತಿರುತ್ತದೆ, ಇನ್ನೊಂದರಲ್ಲಿ ಕೆಳಗಿನವರೆಗೆ ಎಳೆದುಕೊಂಡಿರುತ್ತದೆ. ಪಕ್ಕದಲ್ಲಿ ಲ್ಯಾಂಬ್ಡಾ ಎಂಬ ವೈರಸ್ಸಿನ ಡಿಎನ್‌ಎ ಹಾಕಿ. ಅದರ ಈ ತಾಣಗಳಲ್ಲಿ ಮೀಥೈಲ್ ಇಲ್ಲದ್ದರಿಂದ ಎರಡೂ ಸಾಲು ಒಂದೇ ತರಹ ಬರುತ್ತವೆ. ಸುಲಭವಾಗಿ ಸಿಗುತ್ತದೆಂದು ಈರುಳ್ಳಿ, ಹೂಕೋಸು ಬಳಸಬೇಡಿ. ಗಿಡಗಳಲ್ಲಿ ಹೊರಗಿನ ಸಿ ಮೇಲೂ ಮೀಥೈಲ್ ಕೂರುವುದರಿಂದ ಎಂಎಸ್‌ಪಿ-1 ಕೂಡ ತಡವರಿಸುತ್ತದೆ, ಹುಡುಗರಿಗೆ ಗೊಂದಲವಾಗುತ್ತದೆ.

ಪಾಠ ಮುಗಿದ ಮೇಲೆ ಕೈ ಎತ್ತುವವರು ಇರುತ್ತಾರೆ: “ಮೇಡಂ, ಹಾಗಾದ್ರೆ ತಾತ ಪಟ್ಟ ಕಷ್ಟ ಮೊಮ್ಮಗನ ಜೀನಲ್ಲಿ ಇರುತ್ತಾ?” ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸಸ್ತನಿಗಳಲ್ಲಿ ಅಂಡ, ವೀರ್ಯಾಣು ರೂಪುಗೊಳ್ಳುವಾಗ ಒಮ್ಮೆ, ಭ್ರೂಣವಾದ ಕೂಡಲೇ ಇನ್ನೊಮ್ಮೆ ಮೀಥೈಲ್ ಗುರುತುಗಳು ಬಹುಪಾಲು ಅಳಿಸಿಹೋಗುತ್ತವೆ. ಮನುಷ್ಯರಲ್ಲಿ ತಲೆಮಾರು ದಾಟುವ ಎಪಿಜೆನೆಟಿಕ್ ಬಳುವಳಿಗೆ ಪುರಾವೆ ತೆಳು. ನೀವು ಪ್ರೊಫೆಸರ್ ಆದ ಮೇಲೆ, ಮಂತ್ರದಿಂದ, ಪಥ್ಯದಿಂದ ಜೀನ್ ಬದಲಾಗುತ್ತದೆಂದು ವೇದಿಕೆಯಲ್ಲಿ ಎರಡು ಮಾತು ಹೇಳಿ ಎಂದು ಕರೆಯುವವರು ಬರುತ್ತಾರೆ. ಶಾಲು, ಹಾರ, ಫಲತಾಂಬೂಲ ಎಲ್ಲ ಇರುತ್ತದೆ. ಹೋಗಬೇಡಿ. ‘ನಿಮ್ಮ ನಿಜವಾದ ವಯಸ್ಸು ಹೇಳುತ್ತೇವೆ’ ಎಂದು ಪರೀಕ್ಷೆ ಮಾರುವವರೂ ಸಲಹೆಗಾರರಾಗಿ ಎಂದು ಕೇಳುತ್ತಾರೆ. ಸ್ಟೀವ್ ಹೊರ್ವಾತ್ 2013ರಲ್ಲಿ 353 ಸಿಪಿಜಿ ತಾಣಗಳ ಮೀಥೈಲೇಷನ್ ನೋಡಿ ವಯಸ್ಸು ಅಂದಾಜಿಸುವ ಗಡಿಯಾರ ಮಾಡಿದ್ದು ನಿಜ, ದೊಡ್ಡ ಕೆಲಸ. ಒಬ್ಬ ವ್ಯಕ್ತಿಗೆ ಅದನ್ನು ನೋಡಿ ಪಥ್ಯ ಬರೆದುಕೊಡುವಷ್ಟು ಅದು ಬೆಳೆದಿಲ್ಲ.

ಹೆಜ್ಜೆ 8: ಪೋಸ್ಟ್‌ಡಾಕ್

ಪಿಎಚ್‌ಡಿ ಮುಗಿಸಿ ಇನ್ನೊಬ್ಬರ ಲ್ಯಾಬಿನಲ್ಲಿ ಕೆಲವು ವರ್ಷ ಮಾಡುವ ಸಂಶೋಧನೆಯೇ ಪೋಸ್ಟ್‌ಡಾಕ್. ಅದಕ್ಕೆ ಹೊರದೇಶಕ್ಕೆ ಹೋಗಲೇಬೇಕೆಂಬ ಹಟ ಈಗ ಮೊದಲಿನಷ್ಟಿಲ್ಲ, ಆದರೂ ನೇಮಕಾತಿ ಸಮಿತಿಗಳಲ್ಲಿ ಅದಕ್ಕೆ ಇನ್ನೂ ತೂಕವಿದೆ. ಹೋಗುವುದಾದರೆ ನಿಮ್ಮ ಪಿಎಚ್‌ಡಿಯಲ್ಲಿ ಇಲ್ಲದ್ದನ್ನು ಕಲಿಯಲು ಹೋಗಿ: ಚಿಪ್ ಮಾಡಿದವರು ಒಂದೊಂದೇ ಕೋಶವನ್ನು ಬಿಡಿಯಾಗಿ ಅಳೆಯುವ ವಿಧಾನಕ್ಕೆ, ಲ್ಯಾಬ್ ಬೆಂಚಿನಲ್ಲಿ ಪ್ರಯೋಗ ಮಾಡಿದವರು ಸಂಖ್ಯಾಶಾಸ್ತ್ರಕ್ಕೆ. ಇಲ್ಲೇ ಇರುವವರಿಗೆ ರಿಸರ್ಚ್ ಅಸೋಸಿಯೇಟ್ ಹುದ್ದೆಯಲ್ಲಿ 58,000ದಿಂದ 67,000 ರೂಪಾಯಿ. ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಪೋಸ್ಟ್‌ಡಾಕ್ ಫೆಲೋಶಿಪ್ ಮತ್ತು ಇಂಡಿಯಾ ಅಲಯನ್ಸ್ ಎಂಬ ಸಂಸ್ಥೆ ಕೊಡುವ ಫೆಲೋಶಿಪ್ ಇವೆ. ಹೊರಗಿನಿಂದ ಮರಳುವವರಿಗೆ ರಾಮಲಿಂಗಸ್ವಾಮಿ ಫೆಲೋಶಿಪ್. ಜಿಕೆವಿಕೆ ಆವರಣದಿಂದ ನಡೆಯುವ ಇಂಡಿಯಾ ಬಯೋಸೈನ್ಸ್‌ನ ಉದ್ಯೋಗ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿ. ಅವರು 2009ರಿಂದ ನಡೆಸುವ ಯುವ ಸಂಶೋಧಕರ ಸಮ್ಮೇಳನದಲ್ಲಿ ಊಟದ ಸಾಲಿನಲ್ಲಿ ನಿಂತೇ ಅರ್ಧ ಸಂದರ್ಶನ ಮುಗಿದುಹೋಗುತ್ತದೆ.

ಹೆಜ್ಜೆ 9: ಕೆಲಸ ಮತ್ತು ಲ್ಯಾಬ್

ಎರಡು ಬಗೆಯ ಕೆಲಸಗಳಿವೆ, ಬೆರೆಸಿಕೊಳ್ಳಬೇಡಿ. ಐಐಎಸ್‌ಸಿಯಂಥ ಸಂಸ್ಥೆಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಮೂಲವೇತನ ಸಾಮಾನ್ಯವಾಗಿ 1,01,500 ರೂಪಾಯಿಂದ ಶುರು; ಸಂಶೋಧನೆಯೇ ಪ್ರಧಾನ. ಯುಜಿಸಿ ವೇತನದ ಕಾಲೇಜು, ವಿಶ್ವವಿದ್ಯಾಲಯದಲ್ಲಿ 57,700ರಿಂದ, ಪಾಠವೇ ಪ್ರಧಾನ. ಎರಡನೆಯದಕ್ಕೆ ನೆಟ್ ಅಥವಾ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕೆ-ಸೆಟ್ ಇದ್ದರೆ ಒಳ್ಳೆಯದು, ಪಿಎಚ್‌ಡಿ ಮಧ್ಯದಲ್ಲೇ ಬರೆದು ಮುಗಿಸಿ. 2023ರ ತಿದ್ದುಪಡಿಯ ಪ್ರಕಾರ ಆ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ, ಆದರೆ ಪಿಎಚ್‌ಡಿ ಇದ್ದವರೇ ಸಾಲಾಗಿ ನಿಂತಿರುವಾಗ ಆ ನಿಯಮದಿಂದ ಯಾರಿಗೂ ಹೆಚ್ಚು ಉಪಯೋಗವಾಗಿಲ್ಲ.

ಅರ್ಜಿಯ ಸಂಶೋಧನಾ ಯೋಜನೆಯಲ್ಲಿ ಒಂದು ಕಾಯಿಲೆ, ಒಂದು ಕೋಶ, ಹೆಸರಿಟ್ಟು ಒಂದು ಆಸ್ಪತ್ರೆ ಇರಲಿ. ಡಾಕ್ಟರರ ಒಪ್ಪಿಗೆ ಪತ್ರ ಲಗತ್ತಿಸಿ. ಮೊದಲ ಮೂರು ವರ್ಷದ ಖರ್ಚನ್ನು ಹಾಸಿಗೆ ಇದ್ದಷ್ಟೇ ಕಾಲು ಚಾಚಿ ಬರೆಯಿರಿ. ಸಾವಿರ ಸ್ಯಾಂಪಲ್‌ಗಳ ಕನಸಿಗಿಂತ, ಸರಿಯಾಗಿ ಹಂಚಿದ, ಕೋಶ ಬೇರ್ಪಡಿಸಿದ ಐವತ್ತು ಜೋಡಿಗಳಿಗೆ ಸಮಿತಿ ಹೆಚ್ಚು ಬೆಲೆ ಕೊಡುತ್ತದೆ. ಡಿಎನ್‌ಎ ಓದುವ ಸೀಕ್ವೆನ್ಸರ್ ಯಂತ್ರ ಕೊಳ್ಳುತ್ತೇನೆ ಎನ್ನಬೇಡಿ. ಇಂಥ ಯಂತ್ರಗಳ ಸೇವೆ ಕೊಡುವ ಜಿಕೆವಿಕೆಯ ಸಿ-ಕ್ಯಾಂಪ್‌ನಂಥ ಕಡೆ ದುಡ್ಡು ಕೊಟ್ಟು ಮಾಡಿಸಿಕೊಳ್ಳಬಹುದು.

ಕೆಲಸ ಸಿಕ್ಕ ಮೇಲೆ, ಸೇರುವ ಪತ್ರಕ್ಕೆ ಸಹಿ ಹಾಕುವ ಮೊದಲು, ಲ್ಯಾಬ್ ಕೊಠಡಿಗೆ ನೀವೇ ಹೋಗಿ ನೋಡಿ. ಆರಂಭಿಕ ಅನುದಾನ ಎಷ್ಟು, ಯಾವಾಗ ಕೈಗೆ ಬರುತ್ತದೆ ಎಂದು ಬರಹದಲ್ಲಿ ಕೇಳಿ. ಹೊರದೇಶದ ಆಂಟಿಬಾಡಿಗಳು ಟೆಂಡರು, ಕಸ್ಟಮ್ಸ್ ದಾಟಿ ಬರಲು ತಿಂಗಳುಗಳು ಬೇಕು, ಮೊದಲ ಪಟ್ಟಿಯನ್ನು ಸೇರುವ ಮೊದಲೇ ತಯಾರಿಟ್ಟುಕೊಳ್ಳಿ. ಮೈನಸ್ 80 ಡಿಗ್ರಿಯ ಫ್ರೀಜರ್ ಎಲ್ಲಿ ಇಡುತ್ತೀರಿ ಎಂದು ಗುರುತು ಮಾಡಿ. ಕಟ್ಟಡದ ಎಲೆಕ್ಟ್ರಿಷಿಯನ್‌ನನ್ನು ಕರೆದು, ಆ ಗೋಡೆಯ ಪ್ಲಗ್ ಪಾಯಿಂಟ್ ಜನರೇಟರ್ ಲೈನಿನಲ್ಲಿ ಇದೆಯೇ ಎಂದು ಮೇನ್ ಆಫ್ ಮಾಡಿಸಿ ನೋಡಿ. ಇದೆ ಅಂತ ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಿಕೊಳ್ಳಬೇಡಿ. ಒಪ್ಪಿಗೆ ಕೊಟ್ಟು ರಕ್ತ ಕೊಟ್ಟವರ ಸ್ಯಾಂಪಲ್‌ಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಬೇರೆ ಕಟ್ಟಡದ ಫ್ರೀಜರಿನಲ್ಲಿ ಇಡಲು ಪಕ್ಕದ ವಿಭಾಗದವರ ಜೊತೆ ಈಗಲೇ ಮಾತಾಡಿಕೊಳ್ಳಿ.